ಗುಡ್ಡೆ ಕಡಿಯದೆ ಕಟ್ಟಿದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ತಾಳ್ಮೆ, ಬುದ್ಧಿ, ಹಣ ಈ ಮೂರೂ ಪರೀಕ್ಷೆಗೆ ಒಳಗಾಗುತ್ತವೆ. ಆದರೆ ಮದುವೆಯ ಗದ್ದಲ ಒಂದೆರಡು ದಿನಗಳಲ್ಲಿ ಮುಗಿದುಹೋಗುತ್ತದೆ. ಮನೆಯಾದರೋ ಕಟ್ಟಿದವನ ಆಯುಷ್ಯವನ್ನು ಮೀರಿ ನಿಲ್ಲುತ್ತದೆ. ಕಟ್ಟಿದವನು ಜಾಣನಾಗಿದ್ದನೇ, ದುಂದುಗಾರನಾಗಿದ್ದನೇ, ನೆರೆಹೊರೆಯವರ ಕಣ್ಣಿಗಾಗಿ ಬದುಕಿದನೇ, ತನ್ನವರ ಸುಖಕ್ಕಾಗಿ ಬದುಕಿದನೇ ಎಂಬುದನ್ನು ಅದು ಮುಂದಿನ ತಲೆಮಾರಿಗೆ ಹೇಳುತ್ತಲೇ ಇರುತ್ತದೆ.

ಉಪ್ಪಳದ ಪೇಟೆಯಿಂದ ಒಳನಾಡಿಗೆ ಹೋಗುವ ಯಾವ ದಾರಿಯಲ್ಲಾದರೂ ಇಂದು ಸ್ವಲ್ಪ ದೂರ ನಡೆದು ನೋಡಿರಿ. ಒಂದಲ್ಲ ಒಂದು ಗುಡ್ಡೆಯ ಮಗ್ಗುಲನ್ನು ಯಂತ್ರವೊಂದು ಕಡಿಯುತ್ತಿರುವುದು ಕಾಣಿಸುತ್ತದೆ. ಮೊದಲು ಮರಗಳು ಹೋಗುತ್ತವೆ. ಅನಂತರ ಇಳಿಜಾರು ಹೋಗುತ್ತದೆ. ಕೆಂಪು ಮಣ್ಣಿನ ಕಡಿದಾದ ಗೋಡೆಯೊಂದು ಹಿಂದೆ ನಿಲ್ಲುತ್ತದೆ. ಮುಂದೆ ಸಮತಟ್ಟಾದ ಬಯಲಿನಲ್ಲಿ ತಾರಸಿ ಮನೆಯೊಂದು ಏಳುತ್ತದೆ. ಮಳೆಗಾಲ ಬಂದಾಗ ಆ ಮಣ್ಣಿನ ಗೋಡೆ ಎಲ್ಲಿ ಜರಿದು ಬೀಳುವುದೋ ಎಂಬ ಭಯದಿಂದ ಮತ್ತೆ ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಕಲ್ಲಿನ ತಡೆಗೋಡೆ ಕಟ್ಟಬೇಕಾಗುತ್ತದೆ. ಹೀಗೆ ಗುಡ್ಡೆಯೊಡನೆ ಜಗಳವಾಡಿಯೇ ಮನೆ ಕಟ್ಟಬೇಕೇ? ಗುಡ್ಡೆಯೊಡನೆ ಸ್ನೇಹ ಮಾಡಿ ಕಟ್ಟಲು ಸಾಧ್ಯವಿಲ್ಲವೇ? ಸಾಧ್ಯವಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಮನೆ ಸಾಕ್ಷಿಯಾಗಿ ನಿಂತಿದೆ. ಅದರ ಚರಿತ್ರೆಯನ್ನು ವಿದ್ಯಾರ್ಥಿಗಳಿಗೂ ರಕ್ಷಕರಿಗೂ ತಿಳಿಸಿ, ಅದರಿಂದ ನಾವು ಕಲಿಯಬೇಕಾದುದೇನು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಪದದ ವಿಚಾರ. ಇಂತಹ ಮನೆಗಳನ್ನು ಕಟ್ಟುವ ಕಲೆಗೆ 'ಸಾವಯವ ವಾಸ್ತುಶಿಲ್ಪ' ಎಂಬ ಹೆಸರಿದೆ. ಸಾವಯವ ಎಂದೊಡನೆ ಇಂದಿನ ಮಕ್ಕಳಿಗೆ ಸೆಗಣಿಗೊಬ್ಬರದ ತರಕಾರಿಯ ನೆನಪಾಗುತ್ತದೆ. ಪದವನ್ನು ಬಿಡಿಸಿ ನೋಡೋಣ. ಅವಯವ ಎಂದರೆ ಅಂಗ. ಅವಯವಗಳಿಂದ ಕೂಡಿದ್ದು ಸಾವಯವ. ಕೈ, ಕಾಲು, ಕಣ್ಣು, ಕಿವಿ ಇವು ಬೇರೆ ಬೇರೆಯಾಗಿದ್ದರೂ ಒಂದೇ ದೇಹಕ್ಕೆ ಸೇರಿದವು. ಒಂದನ್ನು ಬಿಟ್ಟು ಇನ್ನೊಂದು ಬೆಳೆಯುವುದಿಲ್ಲ. ಹಾಗೆಯೇ ನೆಲ, ಮರ, ಮಳೆ, ಬಿಸಿಲು, ಮನೆ, ಮನೆಯಲ್ಲಿ ವಾಸಿಸುವವರು ಇವೆಲ್ಲವೂ ಒಂದೇ ದೇಹದ ಅಂಗಗಳಂತೆ ಹೊಂದಿಕೊಂಡು ಇರಬೇಕೆಂಬುದು ಈ ಕಲೆಯ ತಿರುಳು. ಮನೆಯು ನೆಲದ ಮೇಲೆ ತಂದಿಟ್ಟ ಪೆಟ್ಟಿಗೆಯಂತೆ ಇರಬಾರದು, ನೆಲದಿಂದ ಮೇಲೆದ್ದ ಗಿಡದಂತೆ ಇರಬೇಕು ಎಂದು ಇದನ್ನು ಸರಳವಾಗಿ ಹೇಳಬಹುದು.

ಹೊರದೇಶಗಳಲ್ಲಿ ಈ ವಿಚಾರವನ್ನು ಪ್ರಸಿದ್ಧಿಗೆ ತಂದವರು ಅಮೇರಿಕಾದ ಫ್ರಾಂಕ್ ಲಾಯ್ಡ್ ರೈಟ್ (1867-1959). ಅವರು ಪೆನ್ಸಿಲ್ವೇನಿಯಾ ಪ್ರಾಂತ್ಯದ ಒಂದು ಕಾಡಿನಲ್ಲಿ ಕಾಫ್‌ಮನ್ ಎಂಬ ವ್ಯಾಪಾರಿಯ ಕುಟುಂಬಕ್ಕಾಗಿ 1935ರಲ್ಲಿ ಒಂದು ಮನೆಯ ನಕ್ಷೆ ಬರೆದರು. ತಮ್ಮ ಪ್ರೀತಿಯ ಜಲಪಾತವು ಮನೆಯಿಂದ ಚೆನ್ನಾಗಿ ಕಾಣಬೇಕೆಂದು ಆ ಕುಟುಂಬದವರ ಆಸೆಯಾಗಿತ್ತು. ರೈಟ್ ಅವರಾದರೋ ಮನೆಯನ್ನು ಜಲಪಾತದ ಎದುರಿಗಲ್ಲ, ಅದರ ನೆತ್ತಿಯ ಮೇಲೆಯೇ ಕಟ್ಟಿಸಿದರು. ಅಲ್ಲಿದ್ದ ಒಂದು ಬಂಡೆಯನ್ನು ಒಡೆಯದೆ ಚಾವಡಿಯ ಒಳಗೇ ಉಳಿಸಿಕೊಂಡು, ಅದನ್ನೇ ಬೆಂಕಿಗೂಡಿನ ಒಲೆಗಲ್ಲಾಗಿ ಮಾಡಿದರು. 'ಫಾಲಿಂಗ್ ವಾಟರ್' ಎಂಬ ಹೆಸರಿನ ಆ ಮನೆಯನ್ನು ನೋಡಲು 1964ರಿಂದ ಸಾರ್ವಜನಿಕರಿಗೆ ಅವಕಾಶವಿದೆ. 2019ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ರೈಟ್ ಅವರ ಇತರ ಕೆಲವು ಕಟ್ಟಡಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಆ ಮನೆಯ ಕತೆಗೆ ಇನ್ನೊಂದು ಮುಖವೂ ಇದೆ. ಅದಕ್ಕೆ ತಗಲಿದ ವೆಚ್ಚ ಮೊದಲ ಅಂದಾಜಿನ ಹಲವು ಪಟ್ಟಾಗಿ, ಸುಮಾರು 1,55,000 ಡಾಲರುಗಳಿಗೆ ಏರಿತು. ಆ ಕಾಲಕ್ಕೆ ಅದು ಅಪಾರ ಮೊತ್ತ. ತೊರೆಯ ಮೇಲಕ್ಕೆ ಆಧಾರವಿಲ್ಲದೆ ಚಾಚಿಕೊಂಡ ಕಾಂಕ್ರೀಟಿನ ಜಗಲಿಗಳು ವರ್ಷಗಳು ಕಳೆದಂತೆ ಜೋತುಬೀಳತೊಡಗಿ, ಕೊನೆಗೆ 2002ರಲ್ಲಿ ಉಕ್ಕಿನ ಹುರಿಗಳಿಂದ ಬಿಗಿದು ಅವನ್ನು ಉಳಿಸಿಕೊಳ್ಳಬೇಕಾಯಿತು. ಅಂದರೆ ಆ ಮನೆ ನೆಲಕ್ಕೆ ಹೊಂದಿಕೊಂಡಿತ್ತು, ಕಾಡಿಗೆ ಹೊಂದಿಕೊಂಡಿತ್ತು, ಆದರೆ ಸಾಮಾನ್ಯ ಮನುಷ್ಯನ ಕಿಸೆಗೆ ಹೊಂದಿಕೊಂಡಿರಲಿಲ್ಲ. ಶ್ರೀಮಂತನೊಬ್ಬನ ರಜಾದಿನಗಳ ಮನೆಗೆ ಅದು ದೊಡ್ಡ ದೋಷವಲ್ಲ. ನಮ್ಮಂಥವರಿಗೆ ಮಾತ್ರ ಅದೇ ಮುಖ್ಯ ವಿಷಯ. ಕಿಸೆಯೂ ಮನೆಯ ಒಂದು ಅವಯವವೇ ಎಂಬುದನ್ನು ಮರೆಯದೆ ಮನೆ ಕಟ್ಟಿದವರನ್ನು ನೋಡಬೇಕಾದರೆ ನಾವು ತಿರುವನಂತಪುರಕ್ಕೆ ಬರಬೇಕು.

ಲಾರಿ ಬೇಕರ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1917ರ ಮಾರ್ಚ್ 2ರಂದು ಹುಟ್ಟಿದರು. ಅಲ್ಲಿಯೇ ವಾಸ್ತುಶಿಲ್ಪವನ್ನು ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಂದೂಕು ಹಿಡಿಯಲು ಒಪ್ಪದೆ, ಗಾಯಾಳುಗಳನ್ನು ಶುಶ್ರೂಷೆ ಮಾಡುವ ದಳವನ್ನು ಸೇರಿ ಚೀನಾ ದೇಶಕ್ಕೆ ಹೋದರು. ಅಲ್ಲಿ ಕುಷ್ಠರೋಗಿಗಳ ಸೇವೆಯನ್ನೂ ಮಾಡಿದರು. ಊರಿಗೆ ಮರಳುವ ದಾರಿಯಲ್ಲಿ ಮುಂಬಯಿಯಲ್ಲಿ ಹಡಗಿಗಾಗಿ ಕಾಯಬೇಕಾಗಿ ಬಂದಾಗ ಅವರಿಗೆ ಮಹಾತ್ಮಾ ಗಾಂಧೀಜಿಯವರ ಭೇಟಿಯಾಯಿತು. ಬೇಕರ್ ಅವರು ತೊಟ್ಟಿದ್ದ, ಬಟ್ಟೆಯ ಚೂರುಗಳಿಂದ ಮಾಡಿದ ಪಾದರಕ್ಷೆ ಗಾಂಧೀಜಿಯವರ ಕಣ್ಣಿಗೆ ಬಿತ್ತಂತೆ. ಒಳ್ಳೆಯ ಮನೆಯೊಂದು ಅದರ ಸುತ್ತಲಿನ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಗಳಿಂದಲೇ ಆಗಬೇಕು ಎಂಬ ಗಾಂಧೀಜಿಯವರ ಅಭಿಪ್ರಾಯ ತಮ್ಮ ಮೇಲೆ ಗಾಢವಾದ ಪರಿಣಾಮ ಬೀರಿತೆಂದು ಬೇಕರ್ ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. 1945ರಲ್ಲಿ ಅವರು ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟುವ ಕೆಲಸಕ್ಕಾಗಿ ಮತ್ತೆ ಭಾರತಕ್ಕೆ ಬಂದರು. ಕೊನೆಯವರೆಗೂ ಇಲ್ಲಿಯವರೇ ಆಗಿ ಉಳಿದರು.

1948ರಲ್ಲಿ ಬೇಕರ್ ಅವರು ಕೇರಳದವರಾದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾದರು. ದಂಪತಿಗಳು ಹಿಮಾಲಯದ ಪಿಥೋರಾಗಢಕ್ಕೆ ಹೋಗಿ ಅಲ್ಲಿ ಆಸ್ಪತ್ರೆ ತೆರೆದು ಸುಮಾರು 16 ವರ್ಷ ಬೆಟ್ಟದ ಜನರ ಸೇವೆ ಮಾಡಿದರು. ವಿಲಾಯತಿಯ ಕಾಲೇಜಿನಲ್ಲಿ ಕಲಿತಿದ್ದ ವಾಸ್ತುಶಿಲ್ಪಿಗೆ ಇಲ್ಲಿ ಎರಡನೆಯ ವಿದ್ಯಾಭ್ಯಾಸವಾಯಿತು ಎನ್ನಬೇಕು. ಕಬ್ಬಿಣ, ಸಿಮೆಂಟುಗಳ ಪಾಠ ಆ ಬೆಟ್ಟದ ಮೇಲೆ ಉಪಯೋಗಕ್ಕೆ ಬರಲಿಲ್ಲ. ಅಲ್ಲಿಯ ಓದುಬರಹ ಬಾರದ ಜನರು ಕಲ್ಲು, ಮಣ್ಣು, ಮರಗಳಿಂದ ಕಟ್ಟಿಕೊಂಡಿದ್ದ ಮನೆಗಳು ಚಳಿಗೂ ಮಳೆಗೂ ಜಗ್ಗದೆ ನಿಂತಿದ್ದವು. ಆ ಮನೆಗಳೇ ಬೇಕರ್ ಅವರ ಪಾಠಪುಸ್ತಕಗಳಾದವು. ತಲೆಮಾರುಗಳ ಅನುಭವದಿಂದ ಮೂಡಿಬಂದ ಕಟ್ಟುವ ಕ್ರಮವನ್ನು ಹಳತೆಂದು ಎಸೆಯುವ ಬದಲು, ಅದರ ಹಿಂದಿರುವ ಕಾರಣವೇನೆಂದು ಕೇಳುವುದನ್ನು ಅವರು ಅಲ್ಲಿ ಕಲಿತರು. 1963ರಲ್ಲಿ ಕುಟುಂಬ ಕೇರಳದ ವಾಗಮಣ್ಣಿಗೆ ಬಂತು. ಕೆಲವು ವರ್ಷಗಳ ಅನಂತರ ಅವರು ತಿರುವನಂತಪುರದಲ್ಲಿ ನೆಲೆಯೂರಿದರು.

ತಿರುವನಂತಪುರದ ನಾಲಾಂಚಿರ ಎಂಬಲ್ಲಿ ಬೇಕರ್ ತಮಗಾಗಿ ಕಟ್ಟಿಕೊಂಡ ಮನೆಯ ಹೆಸರು 'ದಿ ಹ್ಯಾಮ್ಲೆಟ್'. ಷೇಕ್ಸ್‌ಪಿಯರನ ನಾಟಕವನ್ನು ಓದಿದವರು ಆ ರಾಜಕುಮಾರನನ್ನು ನೆನೆಯಬೇಕಾಗಿಲ್ಲ. ಇಂಗ್ಲೀಷಿನಲ್ಲಿ ಈ ಪದಕ್ಕೆ ಪುಟ್ಟ ಹಳ್ಳಿ ಎಂದರ್ಥ. ಮನೆಗೆ ಸಿಕ್ಕಿದ್ದು ಕಲ್ಲುಬಂಡೆಗಳ ಗುಡ್ಡೆಯ ಇಳಿಜಾರು. ನೀರಿನ ಅನುಕೂಲವೂ ಕಡಿಮೆ. ಇಂತಹ ಜಾಗವನ್ನು ಮನೆಗೆ ಯೋಗ್ಯವೆಂದು ನಮ್ಮಲ್ಲಿ ಯಾರೂ ಒಪ್ಪಲಾರರು. ಒಪ್ಪಿದರೂ ಮೊದಲ ಕೆಲಸವಾಗಿ ಯಂತ್ರ ತರಿಸಿ ಗುಡ್ಡೆಯನ್ನು ಚಪ್ಪಟೆ ಮಾಡಿಸಿಯಾರು. ಬೇಕರ್ ಹಾಗೆ ಮಾಡಲಿಲ್ಲ. ಗುಡ್ಡೆ ಎಲ್ಲಿ ಇಳಿಯುತ್ತದೆಯೋ ಅಲ್ಲಿ ಮನೆಯೂ ಇಳಿಯಿತು. ಅದು ಎಲ್ಲಿ ಬಾಗುತ್ತದೆಯೋ ಅಲ್ಲಿ ಗೋಡೆಯೂ ಬಾಗಿತು.

ಆ ಮನೆ ಒಂದೇ ಸಲಕ್ಕೆ ಮುಗಿದದ್ದೂ ಅಲ್ಲ. ಮೊದಲು ಸಣ್ಣದಾಗಿ ಆರಂಭವಾಗಿ, ಕುಟುಂಬ ಬೆಳೆದಂತೆ, ಅಗತ್ಯ ತೋರಿದಂತೆ, ಕೈಯಲ್ಲಿ ಹಣವಾದಂತೆ ಒಂದೊಂದೇ ಕೋಣೆ ಸೇರಿಕೊಂಡಿತು. ಗೋಡೆಗಳಿಗೆ ಸಾರಣೆಯಿಲ್ಲ, ಇಟ್ಟಿಗೆ ತನ್ನ ಸಹಜ ಬಣ್ಣದಲ್ಲಿಯೇ ಕಾಣುತ್ತದೆ. ಕೆಡವಿದ ಹಳೆಯ ಕಟ್ಟಡಗಳ ಮರಮಟ್ಟುಗಳು, ಒಡೆದ ಹಂಚು ಮಡಕೆಗಳ ಚೂರುಗಳು, ಬಳಸಿ ಬಿಸಾಡಿದ ಗಾಜಿನ ಬಾಟಲಿಗಳು ಇವೆಲ್ಲ ಅಲ್ಲಿ ಮರುಜನ್ಮ ಪಡೆದಿವೆ. ವಿದ್ಯುತ್ತಿನ ತಂತಿಗಳನ್ನು ಗೋಡೆ ಕೊರೆದು ಅಡಗಿಸಿಲ್ಲ. ಊಟಕ್ಕೆಂದು ಬೇರೆ ಕೋಣೆಯಿಲ್ಲ. ಮನೆಮಂದಿ ಅಡುಗೆಮನೆಯಲ್ಲಿಯೇ ಕುಳಿತು ಉಣ್ಣುತ್ತಿದ್ದರು. ಇದನ್ನು ಕೇಳಿ 'ಇದೆಂತಹ ಬಡತನ!' ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಬೇಕರ್ ಅವರಿಗೆ 1990ರಲ್ಲಿ ಭಾರತ ಸರಕಾರದ ಪದ್ಮಶ್ರೀ ಪ್ರಶಸ್ತಿ ಬಂದಾಗ ಅವರು ವಾಸವಾಗಿದ್ದುದು ಇದೇ ಮನೆಯಲ್ಲಿ. 2007ರ ಏಪ್ರಿಲ್ 1ರಂದು ಅವರು ಕೊನೆಯುಸಿರೆಳೆಯುವ ತನಕವೂ ಅದೇ ಅವರ ಮನೆಯಾಗಿತ್ತು. ದೇಶವಿದೇಶಗಳ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಹುಡುಕಿಕೊಂಡು ಬರುವ ಮನೆ ಇದು.

ಬೇಕರ್ ಅವರ ಮಿತವ್ಯಯ ಕೇವಲ ಜಿಪುಣತನವಲ್ಲ, ಅದರ ಹಿಂದೆ ಲೆಕ್ಕಾಚಾರವಿದೆ. ಎರಡು ಉದಾಹರಣೆಗಳನ್ನು ಇಲ್ಲಿ ಕೊಡಬಹುದು. ಸಾಮಾನ್ಯವಾಗಿ ಇಟ್ಟಿಗೆಯನ್ನು ಅಡ್ಡಲಾಗಿ ಮಲಗಿಸಿ ಗೋಡೆ ಕಟ್ಟುತ್ತಾರೆ. ಬೇಕರ್ ಇಟ್ಟಿಗೆಯನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿಸುತ್ತಿದ್ದರು. ಹೀಗೆ ಕಟ್ಟಿದಾಗ ಗೋಡೆಯ ಹೊರಮೈಗೂ ಒಳಮೈಗೂ ನಡುವೆ ಪೊಳ್ಳು ಉಳಿಯುತ್ತದೆ. ಇಲಿಬೋನಿನ ಆಕಾರದ ಪೊಳ್ಳು ಇರುವುದರಿಂದ ಅದಕ್ಕೆ ಇಂಗ್ಲೀಷಿನಲ್ಲಿ ಇಲಿಬೋನಿನ ಹೆಸರೇ ಇದೆ. ಇದರಿಂದ ಸುಮಾರು ಕಾಲುಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಜೊತೆಗೆ ಪೊಳ್ಳಿನಲ್ಲಿ ನಿಂತ ಗಾಳಿಯು ಹೊರಗಿನ ಸೆಕೆಯನ್ನು ಒಳಗೆ ಬಿಡುವುದಿಲ್ಲ. ಖರ್ಚು ಕಡಿಮೆಯಾಯಿತು, ಮನೆ ತಂಪೂ ಆಯಿತು.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಕಾಂಕ್ರೀಟಿನ ತಾರಸಿಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಡಕ್ಕೆ ಒಳಗಾಗುತ್ತದೆ. ಕೆಳಭಾಗ ಎಳೆತಕ್ಕೆ ಒಳಗಾಗುತ್ತದೆ. ಒತ್ತಡವನ್ನು ಕಾಂಕ್ರೀಟು ತಡೆಯಬಲ್ಲದು. ಎಳೆತವನ್ನು ತಡೆಯುವುದು ಒಳಗಿರುವ ಕಬ್ಬಿಣದ ಸರಳುಗಳು. ಹಾಗಾದರೆ ಕೆಳಭಾಗದಲ್ಲಿ ಸರಳುಗಳ ನಡುವೆ ತುಂಬಿದ ಕಾಂಕ್ರೀಟಿಗೆ ಹೆಚ್ಚಿನ ಕೆಲಸವೇನೂ ಇಲ್ಲ. ಅದು ಬರಿಯ ಭಾರ. ಆ ಜಾಗದಲ್ಲಿ ಹಗುರವಾದ, ಅಗ್ಗವಾದ ವಸ್ತುವನ್ನು ಇಟ್ಟರೆ ಸಿಮೆಂಟು ಉಳಿಯುತ್ತದೆ, ಭಾರ ಇಳಿದುದರಿಂದ ಕಬ್ಬಿಣವೂ ಉಳಿಯುತ್ತದೆ. ಬೇಕರ್ ಅವರು ಆ ಜಾಗಕ್ಕೆ ಆರಿಸಿಕೊಂಡದ್ದು ಏನನ್ನು? ಹಳೆಯ ಮಂಗಳೂರು ಹಂಚುಗಳನ್ನು! ನಾವು ಮಾಡಿನಿಂದ ಇಳಿಸಿ ಅಂಗಳದ ಮೂಲೆಯಲ್ಲಿ ರಾಶಿ ಹಾಕುವ ಹಂಚು ತಿರುವನಂತಪುರದಲ್ಲಿ ತಾರಸಿಯ ಹೊಟ್ಟೆಯನ್ನು ಸೇರಿ ಜನರ ಹಣವನ್ನು ಉಳಿಸಿತು.

ತಿರುವನಂತಪುರಕ್ಕೆ ಶಾಲಾ ಕಲೋತ್ಸವಕ್ಕೋ ಪ್ರವಾಸಕ್ಕೋ ಹೋಗುವ ಮಕ್ಕಳು ತಂಬಾನೂರಿನ ಇಂಡಿಯನ್ ಕಾಫಿ ಹೌಸಿಗೆ ಒಮ್ಮೆ ಹೋಗಿ ಬರಲಿ. ಶಂಖದಂತೆ ಸುತ್ತಿಕೊಂಡು ಮೇಲೇರುವ ಆ ಕೆಂಪು ಕಟ್ಟಡವೂ ಬೇಕರ್ ಅವರದೇ. ಉಳ್ಳೂರಿನಲ್ಲಿರುವ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳೂ ಅವರವೇ. ಮುಖ್ಯಮಂತ್ರಿಗಳಾಗಿದ್ದ ಸಿ. ಅಚ್ಯುತ ಮೆನೋನ್ ಮತ್ತು ಅರ್ಥಶಾಸ್ತ್ರಜ್ಞ ಡಾ. ಕೆ.ಎನ್. ರಾಜ್ ಇವರು ಬೇಕರ್ ಅವರ ಕ್ರಮದಲ್ಲಿ ನಂಬಿಕೆಯಿಟ್ಟು ಬೆಂಬಲಿಸಿದರು. 1985ರಲ್ಲಿ ಸ್ಥಾಪನೆಯಾದ 'ಕೋಸ್ಟ್‌ಫೋರ್ಡ್' ಎಂಬ ಸಂಸ್ಥೆ ಇಂದಿಗೂ ಇದೇ ರೀತಿಯಲ್ಲಿ ಮನೆಗಳನ್ನು ಕಟ್ಟಿಸುತ್ತಿದೆ. ಬೇಕರ್ ಅವರು ತಮ್ಮ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಮನೆಯ ಖರ್ಚನ್ನು ಇಳಿಸುವುದು ಹೇಗೆ ಎಂಬುದನ್ನು ತಮ್ಮದೇ ಕೈಬರಹ, ತಮ್ಮದೇ ಚಿತ್ರಗಳಿಂದ ಕೂಡಿದ ಸಣ್ಣ ಪುಸ್ತಿಕೆಗಳಲ್ಲಿ ಸಾಮಾನ್ಯ ಮೇಸ್ತ್ರಿಗೂ ತಿಳಿಯುವಂತೆ ಬರೆದಿಟ್ಟರು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಗಾಂಧೀಜಿಯವರ ಐದು ಮೈಲಿಯ ಲೆಕ್ಕವನ್ನು ಮಂಗಲ್ಪಾಡಿಯಿಂದ ಅಳೆದರೆ ಏನೇನು ಸಿಗುತ್ತದೆ? ಕಾಲಡಿಯಲ್ಲಿಯೇ ಮುರಕಲ್ಲು. ನೆಲದೊಳಗೆ ಇರುವಾಗ ಕತ್ತಿ ಕೊಡಲಿಗೆ ಬಗ್ಗುವಷ್ಟು ಮೆತ್ತಗಿದ್ದು, ಹೊರಗೆ ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಕಂಡು ಬೆರಗಾದವರು ಫ್ರಾನ್ಸಿಸ್ ಬುಕಾನನ್. ಅವರು 1800-1801ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟರು. ಇಂದು ಲೋಕದ ಭೂವಿಜ್ಞಾನಿಗಳೆಲ್ಲ ಬಳಸುವ ಆ ಹೆಸರು ಹುಟ್ಟಿದ್ದು ನಮ್ಮ ಕೇರಳದ ಅಂಗಡಿಪ್ಪುರಂನ ಕಲ್ಲನ್ನು ನೋಡಿ. ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ, ಸುಮಾರು 1650ರಲ್ಲಿ ಕಟ್ಟಿದ ಬೇಕಲ ಕೋಟೆ ಇದೇ ಕಲ್ಲಿನದು. ಮೂರೂವರೆ ಶತಮಾನಗಳ ಕಡಲಗಾಳಿ, ಮಳೆಗಳನ್ನು ತಿಂದೂ ಅದು ನಿಂತಿದೆ. ನಮ್ಮ ಹಿರಿಯರು ಇದೇ ಕಲ್ಲಿನ ಗುಡ್ಡೆಗಳಿಗೆ ಅಡ್ಡಲಾಗಿ ಸುರಂಗ ಕೊರೆದು ಕುಡಿಯುವ ನೀರನ್ನು ತಂದರು. ಗೋಡೆಯೂ ಅದರದೇ, ನೀರೂ ಅದರದೇ. ಗುಡ್ಡೆಯನ್ನು ಚಪ್ಪಟೆ ಮಾಡಿದರೆ ನಾವು ಕಳೆದುಕೊಳ್ಳುವುದು ಬರಿಯ ನೋಟವನ್ನಲ್ಲ, ಬಾವಿಯ ನೀರನ್ನು ಎಂಬುದು ಇದರಿಂದ ತಿಳಿಯುತ್ತದೆ.

ಮಾಡಿನ ಹಂಚಿನ ಕತೆಯೂ ಸ್ವಾರಸ್ಯವಾದದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣಿನಿಂದ ಮಾಡಿದ ಆ ಹಂಚು ಹಡಗು ಹತ್ತಿ ದೂರದೇಶಗಳಿಗೂ ಹೋಯಿತು. ಅದಕ್ಕೆ ಮೊದಲು ಮುಳಿಹುಲ್ಲು, ಮಡಲು, ಸೋಗೆಗಳ ಮಾಡುಗಳಿದ್ದ ನಮ್ಮ ಹಳ್ಳಿಗಳಿಗೆ ಹಂಚು ಬಂದದ್ದು ಒಂದು ಕ್ರಾಂತಿಯೇ ಸರಿ. ವರ್ಷಕ್ಕೆ 3000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ಇಳಿಜಾರಾದ ಮಾಡು, ಗೋಡೆಯಿಂದ ಹೊರಗೆ ಚಾಚಿದ ಮಾಡಿನ ಅಂಚು, ಅದರಡಿಯ ಜಗಲಿ ಇವು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಮಳೆನೀರು ಗೋಡೆಗೆ ತಾಗದಿರಲಿ, ಬಿಸಿಲು ಒಳಗೆ ನುಗ್ಗದಿರಲಿ, ದಾರಿಹೋಕನು ಬಾಗಿಲು ತಟ್ಟದೆಯೇ ಕುಳಿತು ದಣಿವಾರಿಸಿಕೊಳ್ಳಲಿ ಎಂದು ಹುಟ್ಟಿದವು. ಬೇಕರ್ ಅವರು ಹಿಮಾಲಯದಲ್ಲಿ ಓದಿದಂತಹ ಪಾಠಪುಸ್ತಕ ನಮ್ಮ ನಮ್ಮ ಅಜ್ಜಿಮನೆಗಳಲ್ಲಿಯೂ ಇತ್ತು. ನಾವು ಅದನ್ನು ಓದದೆ ರದ್ದಿಗೆ ಹಾಕುತ್ತಿದ್ದೇವೆ ಎಂಬುದೇ ನನ್ನ ಆಕ್ಷೇಪ.

ಇದು ಕೇವಲ ಕಲ್ಲು ಮಣ್ಣಿನ ವಿಚಾರವಾಗಿದ್ದರೆ ಕನ್ನಡ ಅಧ್ಯಾಪಕನಾದ ನಾನು ಇಲ್ಲಿ ಲೇಖನಿ ಹಿಡಿಯುತ್ತಿರಲಿಲ್ಲ. 'ನಮ್ಮ ಮನೆ' ಎಂಬ ವಿಷಯದ ಮೇಲೆ ತರಗತಿಯಲ್ಲಿ ಪ್ರಬಂಧ ಬರೆಯಿಸುವುದು ವಾಡಿಕೆ. ಆ ಪ್ರಬಂಧಗಳನ್ನು ತಿದ್ದುವಾಗ ವರ್ಷ ವರ್ಷವೂ ಕಾಣುವ ಸಂಗತಿಯೊಂದಿದೆ. ಹಂಚಿನ ಮನೆಯಲ್ಲಿ ವಾಸಿಸುವ ಮಕ್ಕಳಲ್ಲಿ ಕೆಲವರು ತಮ್ಮ ಮನೆಯನ್ನು ಬರೆಯುವುದೇ ಇಲ್ಲ. ಅವರು ಬರೆಯುವುದು ಎರಡು ಮಾಳಿಗೆಯ, ಗಾಜಿನ ಕಿಟಕಿಯ, ಇಲ್ಲದ ಮನೆಯೊಂದನ್ನು. ಬರವಣಿಗೆಯಲ್ಲಿ ತಪ್ಪಿಲ್ಲ, ಅಕ್ಷರ ಅಂದವಾಗಿದೆ, ಅಂಕ ಕೊಡಲೇಬೇಕು. ಆದರೆ ತಾನು ಹುಟ್ಟಿ ಬೆಳೆದ ಮನೆಯನ್ನು ಹೇಳಿಕೊಳ್ಳಲು ಹದಿಮೂರು ವರ್ಷದ ಮಗು ನಾಚುತ್ತದೆಯೆಂದರೆ ಆ ನಾಚಿಕೆಯನ್ನು ಅದಕ್ಕೆ ಕಲಿಸಿದವರು ಯಾರು? ಪಾಠಪುಸ್ತಕ ಕಲಿಸಿಲ್ಲ. ದೊಡ್ಡವರಾದ ನಮ್ಮ ಮಾತುಗಳಿಂದ, ಒಬ್ಬರ ಮನೆಯನ್ನು ಇನ್ನೊಬ್ಬರ ಮನೆಯೊಡನೆ ತೂಗಿ ನೋಡುವ ನಮ್ಮ ಕಣ್ಣುಗಳಿಂದ ಅದು ಕಲಿತಿದೆ. ಸಾರಣೆಯಿಲ್ಲದ ಗೋಡೆಯ ಮನೆಯಲ್ಲಿದ್ದು ಪದ್ಮಶ್ರೀ ಪಡೆದ ಬೇಕರ್ ಅವರ ಕತೆಯನ್ನು ಆ ಮಕ್ಕಳಿಗೆ ಹೇಳಬೇಕೆಂದೇ ನನಗೆ ಅನ್ನಿಸಿದ್ದು.

ಈ ಅಭಿಪ್ರಾಯಕ್ಕೆ ಎದುರು ಮಾತುಗಳಿವೆ. ಅವು ಹುರುಳಿಲ್ಲದವುಗಳಲ್ಲ. ಹಂಚಿನ ಮನೆಯಲ್ಲಿ ವಾಸಿಸುವುದರ ಕಷ್ಟ ವಾಸಿಸಿದವರಿಗೇ ಗೊತ್ತು. ವರ್ಷ ವರ್ಷವೂ ಮಾಡಿಗೆ ಹತ್ತಿ ಒಡೆದ ಹಂಚು ಬದಲಾಯಿಸಬೇಕು. ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿಯುತ್ತದೆ. ಮಂಗಗಳ ಹಾವಳಿ ಬೇರೆ. ಮಾಡಿನ ಕೆಲಸ ಬಲ್ಲ ಆಚಾರಿಗಳು ಹುಡುಕಿದರೂ ಸಿಗುವುದಿಲ್ಲ. ಗಂಡಸರು ಗಲ್ಫಿನಲ್ಲಿ ದುಡಿಯುವಾಗ ಮನೆಯಲ್ಲಿ ಹೆಂಗಸರು ಮಕ್ಕಳು ಮಾತ್ರ ಇರುವ ಕುಟುಂಬಗಳು ನಮ್ಮಲ್ಲಿ ಅನೇಕ. ಅವರಿಗೆ ಭದ್ರವಾದ ತಾರಸಿ ಮನೆ ಬೇಕೆನಿಸುವುದು ನ್ಯಾಯವೇ. ಇನ್ನೊಂದು ಮಾತೂ ಇದೆ. ತಲೆತಲಾಂತರಗಳಿಂದ ಮಡಲಿನ ಗುಡಿಸಲಿನಲ್ಲಿ ಬಾಳಿದವರು ಮೊದಲ ಬಾರಿಗೆ ಗಟ್ಟಿ ಮನೆ ಕಟ್ಟುವಾಗ, 'ನೀವು ಸರಳವಾಗಿರಿ, ಸಾರಣೆ ಬೇಡ' ಎಂದು ಉಳ್ಳವರು ಉಪದೇಶ ಮಾಡಿದರೆ ಅವರಿಗೆ ನೋವಾಗುವುದು ಸಹಜ. ಸಾರಣೆಯಿಲ್ಲದ ಇಟ್ಟಿಗೆಯ ಗೋಡೆಯನ್ನು ಕಂಡು 'ಇದು ಮುಗಿಯದ ಮನೆ' ಎಂದವರು ಬೇಕರ್ ಅವರ ಕಾಲದಲ್ಲಿಯೂ ಇದ್ದರು.

ಆದುದರಿಂದ ಎಲ್ಲರೂ ಹಳೆಯ ಮನೆಯಲ್ಲಿಯೇ ಇರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಬೇಕರ್ ಅವರೂ ಹಾಗೆ ಹೇಳಲಿಲ್ಲ. ಅವರು ಕಾಂಕ್ರೀಟನ್ನು ಬಹಿಷ್ಕರಿಸಲಿಲ್ಲ. ಬೇಕಾದಲ್ಲಿ ಬೇಕಾದಷ್ಟೇ ಬಳಸಿದರು. ಅವರ ಪಾಠ ಇಷ್ಟೇ: ಮನೆಯ ಪ್ರತಿಯೊಂದು ಭಾಗಕ್ಕೂ 'ನೀನು ಯಾಕೆ ಬೇಕು?' ಎಂದು ಕೇಳಬೇಕು. ಉತ್ತರ ಕೊಡಲಾರದ್ದನ್ನು ಬಿಟ್ಟುಬಿಡಬೇಕು. ಈ ಪ್ರಶ್ನೆಯನ್ನು ಬಡವರಿಗಿಂತ ಮೊದಲು ಕೇಳಿಕೊಳ್ಳಬೇಕಾದವರು ಅನುಕೂಲಸ್ಥರು. ಉಳ್ಳವರು ಗುಡ್ಡೆ ಕಡಿದು ಅರಮನೆ ಕಟ್ಟಿದರೆ ಇಲ್ಲದವರು ಸಾಲ ಮಾಡಿ ಅದನ್ನೇ ಅನುಸರಿಸುತ್ತಾರೆ. ಉಳ್ಳವರು ಹಿತಮಿತವಾಗಿ ಕಟ್ಟಿದರೆ ಇಲ್ಲದವರ ತಲೆಯ ಮೇಲಿನ ಒಂದು ದೊಡ್ಡ ಹೊರೆ ಇಳಿಯುತ್ತದೆ.

ಈ ಹೊರೆ ಸಣ್ಣದಲ್ಲ. ಹದಿನೈದು ವರ್ಷ ಮರಳುಗಾಡಿನ ಬಿಸಿಲಿನಲ್ಲಿ ದುಡಿದ ಹಣ ಸಾಲದೆ, ಇನ್ನು ಹದಿನೈದು ವರ್ಷ ಬ್ಯಾಂಕಿನ ಕಂತು ಕಟ್ಟಲೆಂದೇ ಮತ್ತೆ ಅದೇ ಬಿಸಿಲಿಗೆ ಮರಳುವ ತಂದೆಯಂದಿರನ್ನು ನಾವೆಲ್ಲ ಬಲ್ಲೆವು. ಅವರು ಕಟ್ಟಿದ ಮನೆಯಲ್ಲಿ ಅವರೇ ವರ್ಷಕ್ಕೆ ಒಂದು ತಿಂಗಳು ಅತಿಥಿಗಳು. 2011ರ ಜನಗಣತಿಯ ಕಾಲಕ್ಕೆ ಕೇರಳದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ವಾಸಿಸುವವರಿಲ್ಲದೆ ಖಾಲಿ ಬಿದ್ದಿದ್ದವು. ಒಂದು ಕಡೆ ಮನೆಯಿಲ್ಲದ ಜನ. ಇನ್ನೊಂದು ಕಡೆ ಜನರಿಲ್ಲದ ಮನೆ. ಮಗನ ಓದಿಗೆ, ಮಗಳ ಓದಿಗೆ, ಮನೆಯ ಹಿರಿಯರ ಔಷಧಿಗೆ ಸಲ್ಲಬೇಕಾದ ಹಣ ಯಾರೂ ಮಲಗದ ಕೋಣೆಗಳಲ್ಲಿ ಹೂತುಹೋಗುವುದನ್ನು ಕಂಡೂ ಸುಮ್ಮನಿರುವುದು ಸರಿಯಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾವು ಮಕ್ಕಳಿಂದ ವಿಸ್ತರಿಸಿ ಬರೆಯಿಸುತ್ತೇವೆ. ಅದನ್ನು ಮನೆಯ ನಕ್ಷೆಯ ಮುಂದೆ ಕುಳಿತು ದೊಡ್ಡವರೂ ಒಮ್ಮೆ ವಿಸ್ತರಿಸಿಕೊಳ್ಳುವುದು ಒಳ್ಳೆಯದು.

ಮನೆ ಕಟ್ಟಲು ಹೊರಟಿರುವ ರಕ್ಷಕರಲ್ಲಿ ನನ್ನ ವಿನಂತಿ ಇಷ್ಟು. ಗುಡ್ಡೆಯನ್ನು ಕಡಿಯುವ ಮೊದಲು ಒಂದು ಮಳೆಗಾಲ ಆ ಜಾಗದಲ್ಲಿ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಿರಿ. ಹಳೆಯ ಮನೆಯನ್ನು ಕೆಡವುವ ಮೊದಲು, ಅದನ್ನು ದುರಸ್ತಿ ಮಾಡಿ ಒಂದೆರಡು ಕೋಣೆ ಸೇರಿಸಿದರೆ ಸಾಕಾಗುವುದೇ ಎಂದು ಬಲ್ಲ ಮೇಸ್ತ್ರಿಯಲ್ಲಿ ಕೇಳಿರಿ. ಕೆಡವಲೇಬೇಕಾಗಿ ಬಂದರೆ ಬಾಗಿಲು, ದಾರಂದ, ತೊಲೆ, ಹಂಚುಗಳನ್ನು ಗುಜರಿಗೆ ಕೊಡದೆ ಹೊಸ ಮನೆಯಲ್ಲಿ ಸೇರಿಸಿಕೊಳ್ಳಿರಿ. ಕಡಿದು ಮಟ್ಟ ಮಾಡಿದ ಒಳ್ಳೆಯ ಮುರಕಲ್ಲಿಗೆ ಎಲ್ಲ ಕಡೆ ಸಾರಣೆಯ ಅಂಗಿ ತೊಡಿಸಬೇಕಾಗಿಲ್ಲ. ಮಾಡಿನ ಅಂಚು ಸಾಕಷ್ಟು ಚಾಚಿದ್ದರೆ ಅದು ತನ್ನ ಬಣ್ಣದಲ್ಲಿಯೇ ಚೆನ್ನಾಗಿ ಬಾಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ನಾಲಾಂಚಿರದ ಆ ಮನೆಯಂತೆ ಮನೆಯೂ ಮಕ್ಕಳೊಂದಿಗೆ ಮೆಲ್ಲಮೆಲ್ಲನೆ ಬೆಳೆಯಲಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಮನೆ ಹೋದರೆ ಅದರೊಂದಿಗೆ ಮಾತೂ ಹೋಗುತ್ತದೆ. ಚಾವಡಿ, ಜಗಲಿ, ಅಟ್ಟ, ಮುಚ್ಚಿಗೆ, ಪಕ್ಕಾಸು, ರೀಪು, ದಾರಂದ, ಬಚ್ಚಲುಕೊಟ್ಟಿಗೆ ಈ ಪದಗಳಲ್ಲಿ ಎಷ್ಟು ನಿಮಗೆ ಗೊತ್ತು? ಇವುಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ದಿನ ಬಂದಿದೆ. ಸಪ್ತಭಾಷೆಗಳ ಈ ನೆಲದಲ್ಲಿ ಮನೆಯ ಪದಗಳಿಗೂ ದೊಡ್ಡ ಚರಿತ್ರೆಯಿದೆ. ನಾವು ದಿನವೂ ಹೇಳುವ ಮೇಸ್ತ್ರಿ, ಜನೇಲು, ಚಾವಿ ಇವು ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದು ನಮ್ಮ ಮನೆಯವರೇ ಆಗಿಬಿಟ್ಟ ಪದಗಳು. ಹೊರಗಿನಿಂದ ಬಂದುದನ್ನು ಒಳಗೆ ಸೇರಿಸಿಕೊಂಡು ತನ್ನದಾಗಿಸಿಕೊಳ್ಳುವುದು ಜೀವಂತ ಭಾಷೆಯ ಗುಣ. ಜೀವಂತ ಮನೆಯ ಗುಣವೂ ಅದೇ. ಬರ್ಮಿಂಗ್‌ಹ್ಯಾಮಿನ ಹುಡುಗನೊಬ್ಬ ಮಲಯಾಳದ ನೆಲದಲ್ಲಿ ಬೇರೂರಿದ್ದೂ ಹಾಗೆಯೇ ಅಲ್ಲವೇ?

ಬರುವ ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರೂ ಒಂದು ಅಳತೆಪಟ್ಟಿ, ಒಂದು ಪೆನ್ಸಿಲು ಹಿಡಿದು ನೀವು ವಾಸಿಸುವ ಮನೆಯ, ಇಲ್ಲವೇ ನಿಮ್ಮ ಅಜ್ಜ ಅಜ್ಜಿಯರು ವಾಸಿಸುವ ಮನೆಯ ಚಿತ್ರ ಬರೆಯಿರಿ. ಅದು ಹಂಚಿನದಾಗಲಿ, ತಾರಸಿಯದಾಗಲಿ, ಎರಡು ಕೋಣೆಯದಾಗಲಿ ಚಿಂತೆಯಿಲ್ಲ. ಅದನ್ನು ಯಾವ ವರ್ಷ ಕಟ್ಟಿದರು, ಕಲ್ಲು ಎಲ್ಲಿಂದ ಬಂತು, ಮರ ಯಾವುದು, ಕೆಲಸ ಮಾಡಿದವರು ಯಾರು, ಮನೆಯ ಒಂದೊಂದು ಭಾಗಕ್ಕೂ ಮನೆಮಂದಿ ಏನೆಂದು ಹೆಸರು ಹೇಳುತ್ತಾರೆ ಎಂದು ಹಿರಿಯರಲ್ಲಿ ಕೇಳಿ ಬರೆದುಕೊಳ್ಳಿರಿ. ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ, ನಿಮ್ಮ ಮನೆಯ ಮಾತು ಯಾವುದೋ ಅದರಲ್ಲಿಯೇ ಹೆಸರುಗಳಿರಲಿ. ಶಾಲೆ ತೆರೆದ ಮೇಲೆ ಆ ಪುಸ್ತಕಗಳನ್ನೆಲ್ಲ ತರಗತಿಯಲ್ಲಿ ಒಟ್ಟಿಗೆ ಇಟ್ಟರೆ ಮಂಗಲ್ಪಾಡಿಯ ಮನೆಗಳ ಚರಿತ್ರೆಯೇ ನಮ್ಮ ಕೈಯಲ್ಲಿ ಇರುತ್ತದೆ. ಅಂತಹ ಚರಿತ್ರೆಯನ್ನು ಬರೆದುಕೊಡಲು ಹೊರಗಿನಿಂದ ಯಾರೂ ಬರುವುದಿಲ್ಲ. ಅದನ್ನು ಬರೆಯಬೇಕಾದವರು ಆ ಮನೆಗಳಲ್ಲಿ ಮಲಗಿ ಏಳುವ ನೀವೇ.